ಮುಖವಾಡ ಕಟ್ಟಿದ ಮೇಲೆ ಕತ್ತೇ ಮಾತಾಡಬೇಕು

ಓದುಗರ ಪ್ರಶ್ನೆ, ರಂಗಕರ್ಮಿಗಳ ಉತ್ತರ

ಶಾಲಾ ವಾರ್ಷಿಕೋತ್ಸವ, ಕಾಲೇಜು ನಾಟಕ ಸ್ಪರ್ಧೆ, ಊರಹಬ್ಬ ಎಲ್ಲ ಬೆನ್ನುಬೆನ್ನಿಗೆ ಬರುವ ದಿನಗಳಿವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಖವಾಡದ ಕುರಿತೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಏಳಕ್ಕೆ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಹೋದ ವರ್ಷ ಮಕ್ಕಳ ನಾಟಕಕ್ಕೆ ಅಂಗಡಿಯಿಂದ ಪ್ಲಾಸ್ಟಿಕ್ ಮುಖವಾಡ ತಂದೆವು. ಮಕ್ಕಳಿಗೆ ಕಣ್ಣೇ ಕಾಣಲಿಲ್ಲ, ಒಬ್ಬ ಹುಡುಗ ವೇದಿಕೆಯ ಅಂಚು ತಪ್ಪಿ ಬಿದ್ದ. ಈ ಸಲ ಎಂಟು ಮುಖವಾಡಗಳನ್ನು ಕಾಗದದಲ್ಲಿ ನಾವೇ ಮಾಡಬೇಕೆಂದಿದ್ದೇವೆ. ಮೊದಲಿನಿಂದ ತಿಳಿಸಿ.
ಪ್ರೌಢಶಾಲಾ ಶಿಕ್ಷಕಿ, ಗುಬ್ಬಿ ತಾಲ್ಲೂಕು

ಉತ್ತರ: ಮೇಡಂ, ಪ್ರದರ್ಶನಕ್ಕೆ ಆರು ವಾರ ಇರುವಾಗಲೇ ಕೆಲಸ ಹಿಡಿಯಿರಿ. ಮೂರು ವಾರ ಮಾಡುವುದಕ್ಕೆ, ಮೂರು ವಾರ ಕಟ್ಟಿಕೊಂಡು ಅಭ್ಯಾಸ ಮಾಡುವುದಕ್ಕೆ. ಹಿಂದಿನ ದಿನ ಕೈಗೆ ಕೊಟ್ಟರೆ ಎಷ್ಟು ಚೆನ್ನಾದ ಮುಖವಾಡವಾದರೂ ಮಕ್ಕಳು ಮುಗ್ಗರಿಸುತ್ತಾರೆ.

ಪ್ರತಿ ಮಗುವಿಗೂ ಮೂರು ಅಳತೆ ಬೇಕು. ಕೂದಲಂಚಿನಿಂದ ಗಲ್ಲದವರೆಗೆ ಒಂದು. ಮೂಗಿನ ಮೇಲೆ ಹಾದು ಕಿವಿಯಿಂದ ಕಿವಿಗೆ ಒಂದು. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಒಂದು. ಈ ಮೂರನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಹೈಸ್ಕೂಲು ಮಕ್ಕಳಲ್ಲಿ ಅದು ಸಾಮಾನ್ಯವಾಗಿ 5.5ರಿಂದ 6.3 ಸೆಂ.ಮೀ. ಇರುತ್ತದೆ. ಅರ್ಧ ಸೆಂ.ಮೀ. ಆಚೀಚೆಯಾದರೂ ಒಂದು ಕಣ್ಣು ಮುಚ್ಚಿದ ಹಾಗೆಯೇ. ಒಂದೇ ಕಣ್ಣಿನಲ್ಲಿ ನೋಡುವ ಮಗುವಿಗೆ ದೂರದ ಅಂದಾಜು ಸರಿಯಾಗಿ ಸಿಗುವುದಿಲ್ಲ. ಆ ಹುಡುಗ ಅಂಚು ತಪ್ಪಿದ್ದಕ್ಕೂ ಬಹುಶಃ ಇದೇ ಕಾರಣ.

ಅಚ್ಚಿಗೆ ಗಣಪತಿ ಮಾಡುವ ಕೆರೆಯ ಜೇಡಿಮಣ್ಣು ಸಾಕು, ಒಂದು ಅಚ್ಚಿಗೆ ಮೂರರಿಂದ ನಾಲ್ಕು ಕೆ.ಜಿ. ಕಲ್ಲು ಬೇರು ತೆಗೆದು ಕಲಸಿ, ಒದ್ದೆ ಗೋಣಿಚೀಲದಲ್ಲಿ ಎರಡು ದಿನ ಸುತ್ತಿಡಿ. ಆಮೇಲೆ ಹಲಗೆಯ ಮೇಲೆ ಮುಖ ತಿದ್ದಿ. ಅಚ್ಚು ಮಗುವಿನ ಮುಖಕ್ಕಿಂತ ಸುತ್ತಲೂ ಒಂದು, ಒಂದೂವರೆ ಸೆಂ.ಮೀ. ದೊಡ್ಡದಿರಲಿ, ಒಳಗೆ ಸ್ಪಂಜು ಕೂರಿಸಲು ಆ ಜಾಗ ಬೇಕು. ಮೂಗಿನ ಕೆಳಗೆ, ಗಲ್ಲದ ಅಡಿಯಲ್ಲಿ ಒಳಕ್ಕೆ ತಿರುಗಿದ ಗುಳಿ ಬಿಡಬೇಡಿ, ಕಾಗದ ಅಲ್ಲಿ ಸಿಕ್ಕಿಕೊಂಡು ಬಿಡಿಸುವಾಗ ಹರಿಯುತ್ತದೆ. ಎಂಟು ಮುಖವಾಡಕ್ಕೆ ಎಂಟು ಅಚ್ಚು ಬೇಡ. ಸಣ್ಣದೊಂದು, ದೊಡ್ಡದೊಂದು, ಎರಡೇ ಸಾಕು. ಮುದುಕ, ರಾಕ್ಷಸ, ನರಿ ಎಂಬ ವ್ಯತ್ಯಾಸವನ್ನು ಆಮೇಲೆ ಮೂಗು, ಹುಬ್ಬು, ಕೆನ್ನೆಮೂಳೆ ಕಟ್ಟಿ ತರಬಹುದು. ಅಚ್ಚಿನ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಹೊದಿಸಿದರೆ ಕಾಗದ ಅಂಟಿಕೊಳ್ಳುವುದಿಲ್ಲ. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಚರೀದಾ ಎಂಬ ಊರಿನಲ್ಲಿ ಛಾವು ಕುಣಿತದ ಮುಖವಾಡ ಮಾಡುವವರು ಇದೇ ಕೆಲಸಕ್ಕೆ ಮಣ್ಣಚ್ಚಿನ ಮೇಲೆ ಬೂದಿ ಉದುರಿಸುತ್ತಾರೆ. ನಿಮ್ಮಲ್ಲೂ ಒಲೆಬೂದಿ ಇದ್ದರೆ ಅದೂ ಆದೀತು.

ಅಂಟಿಗೆ ಹುಣಸೆಬೀಜಕ್ಕಿಂತ ಒಳ್ಳೆಯದು ಬೇರೆ ಇಲ್ಲ, ನಮ್ಮ ಕಡೆ ಅದಕ್ಕೆ ಬರವೂ ಇಲ್ಲ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿಸಿ. 100 ಗ್ರಾಂ ಪುಡಿಯನ್ನು ಮೊದಲು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಿ, ಆಮೇಲೆ ಕುದಿಯುವ ಒಂದು ಲೀಟರ್ ನೀರಿಗೆ ಸುರಿದು ಇಪ್ಪತ್ತು ನಿಮಿಷ ಕೈಯಾಡಿಸಿ. ಪುಡಿಯನ್ನು ನೇರವಾಗಿ ಬಿಸಿನೀರಿಗೆ ಹಾಕಿದರೆ ಗಂಟುಕಟ್ಟುತ್ತದೆ, ಮತ್ತೆ ಸರಿಯಾಗುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲೆಗಾರರು ಮರದ ಗೊಂಬೆಗಳಿಗೆ ಬಳಸುವುದೂ ಹುಣಸೆಬೀಜದ ಅಂಟನ್ನೇ. ಬೀಜ ಸಿಗದಿದ್ದರೆ ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು ಹಾಕಿ ಗಂಜಿ ಕಾಯಿಸಿ. ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ಹಳೇ ರೂಢಿಯಿದೆ. ಅದು ವಿಷ, ಮಕ್ಕಳು ಬಾಯಿಗೆ ಹತ್ತಿರ ಕಟ್ಟಿಕೊಳ್ಳುವ ವಸ್ತುವಿಗೆ ಖಂಡಿತ ಬೇಡ. ಅಂಟನ್ನು ದಿನಕ್ಕೆ ಬೇಕಾದಷ್ಟೇ ಮಾಡಿಕೊಂಡರೆ ಆಯಿತು.

ಕಾಗದವನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಲ್ಲಿ ಹರಿಯಿರಿ. ಹರಿದ ಅಂಚಿನ ನಾರು ಒಂದರೊಳಗೊಂದು ಕೂರುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಒಂದಂಗುಲ ಅಗಲ, ಮೂರು ನಾಲ್ಕು ಅಂಗುಲ ಉದ್ದದ ಪಟ್ಟಿಗಳಿರಲಿ. ಒಂದು ಪದರ ಪತ್ರಿಕೆ, ಮುಂದಿನದು ಬಿಳಿ ಹಾಳೆ, ಹೀಗೆ ಬದಲಿಸುತ್ತ ಹೋದರೆ ಎಲ್ಲಿ ಪದರ ತಪ್ಪಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಒಂದನ್ನು ಅಡ್ಡ ಹಾಕಿದರೆ ಮುಂದಿನದನ್ನು ಉದ್ದ ಹಾಕಿ. ಒಟ್ಟು ಎಂಟು ಪದರ. ನಾಲ್ಕನೆಯ ಪದರ ಹಳೆ ಪಂಚೆಯ ಬಟ್ಟೆಯದಾಗಲಿ, ಮುಖವಾಡ ಬಿದ್ದರೂ ಸೀಳುವುದಿಲ್ಲ. ಎರಡು ಪದರಕ್ಕೊಮ್ಮೆ ನೆರಳಿನಲ್ಲಿ ಒಣಗಿಸಿ. ಎಂಟೂ ಒಟ್ಟಿಗೆ ಹಾಕಿ ಬಿಸಿಲಿಗಿಟ್ಟರೆ ಹೊರಗಿನ ಪದರ ಮೊದಲು ಒಣಗಿ ಸೊಟ್ಟಗಾಗುತ್ತದೆ, ಒಳಗಿನ ತೇವ ಅಲ್ಲೇ ಕುಳಿತು ಬೂಷ್ಟು ಹಿಡಿಯುತ್ತದೆ. ಕೆಟ್ಟುಹೋಗುವ ಹತ್ತು ಮುಖವಾಡದಲ್ಲಿ ಒಂಬತ್ತು ಕೆಡುವುದು ಈ ಅವಸರದಿಂದ.

ಒಣಗಿದ ಮೇಲೆ ಬಿಡಿಸಿ, ಅಂಚು ಕತ್ತರಿಸಿ, ಅಂಚಿಗೆ ಬಟ್ಟೆಪಟ್ಟಿ ಮಡಿಸಿ ಅಂಟಿಸಿ. ನೆನೆಸಿ ರುಬ್ಬಿದ ಕಾಗದಕ್ಕೆ ಅಂಟು ಬೆರೆಸಿ ಮೂಗು, ಹುಬ್ಬು ಕಟ್ಟಿ. ಸೀಮೆಸುಣ್ಣದ ಪುಡಿಯನ್ನು ಫೆವಿಕಾಲ್ ಮತ್ತು ನೀರಿನಲ್ಲಿ ಕಲಸಿ ಎರಡು ಕೈ ಬಳಿದು ಉಪ್ಪುಕಾಗದದಲ್ಲಿ ಉಜ್ಜಿದರೆ ಮೈ ನಯವಾಗುತ್ತದೆ. ಜಪಾನಿನ ‘ನೋ’ ಎಂಬ ಸಾಂಪ್ರದಾಯಿಕ ನಾಟಕದ ಮರದ ಮುಖವಾಡಕ್ಕೆ ಚಿಪ್ಪಿನ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಬಳಿಯುತ್ತಾರೆ, ತತ್ವ ಇದೇ. ಬಣ್ಣ ಹೊಳೆಯದಂಥದ್ದಿರಲಿ. ಎಣ್ಣೆಬಣ್ಣ, ವಾರ್ನಿಷ್ ಹಾಕಿದರೆ ಎಲ್‌ಇಡಿ ಫ್ಲಡ್‌ಲೈಟಿನ ಎದುರು ಹಣೆ ಕನ್ನಡಿಯಂತೆ ಮಿಂಚಿ ಮುಖವೇ ಕಾಣದಂತಾಗುತ್ತದೆ. ಎಲ್ಲ ಮುಗಿದಾಗ ತೂಕ 150 ಗ್ರಾಂ ಮೀರಬಾರದು.

ಕಣ್ಣಿನ ತೂತಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇವೆ. ಒಂದೂವರೆ ಸೆಂ.ಮೀ. ಅಗಲದ ತೂತು ಕಣ್ಣಿನಿಂದ ಎರಡು ಸೆಂ.ಮೀ. ದೂರದಲ್ಲಿದ್ದರೆ ಸುಮಾರು 40 ಡಿಗ್ರಿ ನೋಟ ಸಿಗುತ್ತದೆ. ಅದೇ ತೂತು ಐದು ಸೆಂ.ಮೀ. ದೂರ ಹೋದರೆ 17 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಕಾಣದಿದ್ದಾಗ ತೂತು ದೊಡ್ಡದು ಮಾಡುವ ಮೊದಲು ಮುಖವಾಡವನ್ನು ಮುಖಕ್ಕೆ ಹತ್ತಿರ ತನ್ನಿ. ಸ್ಪಂಜಿನ ಮೂರು ತುಂಡು ಸಾಕು, ಹಣೆಗೊಂದು, ಎರಡು ಕೆನ್ನೆಮೂಳೆಗೆ ಎರಡು. ಮೂಗಿನ ಮೇಲೆ ಭಾರ ಬೀಳಕೂಡದು. ತೂತಿನ ಸುತ್ತ ಕಪ್ಪು ಬಣ್ಣ ಬಳಿದರೆ ಅದು ಮುಖವಾಡದ ಕಣ್ಣುಗುಡ್ಡೆಯೊಳಗೇ ಸೇರಿಹೋಗುತ್ತದೆ. ಮೂಗಿನ ಅಡಿಯಲ್ಲಿ ಒಂದೊಂದು ಸೆಂ.ಮೀ. ಅಗಲದ ಎರಡು ತೂತು ಉಸಿರಿಗೆ. ಕಟ್ಟುವ ಲಾಡಿ ಕಣ್ಣಿಗಿಂತ ಸ್ವಲ್ಪ ಮೇಲಿನ ಮಟ್ಟದಲ್ಲಿರಲಿ. ತೆಳು ಎಲಾಸ್ಟಿಕ್ ಮೇಲಕ್ಕೆ ಜಗ್ಗಿ ತೂತನ್ನು ಕಣ್ಣಿನಿಂದ ತಪ್ಪಿಸುತ್ತದೆ, ಕಾಲಂಗುಲದ ಹತ್ತಿಲಾಡಿ ಅಲುಗುವುದಿಲ್ಲ.

ಅಂಚಿನ ಭಯಕ್ಕೂ ಒಂದು ಉಪಾಯವಿದೆ. ವೇದಿಕೆಯ ಮೂರೂ ಅಂಚಿಗೆ ಎರಡಡಿ ಒಳಗೆ ದಪ್ಪ ಗೋಣಿದಾರ ಹಾಸಿ, ಎಳೆಯದಂತೆ ಉದ್ದಕ್ಕೂ ಟೇಪ್ ಅಂಟಿಸಿ. ಬರಿಗಾಲಿಗೆ ದಾರ ತಾಗಿದರೆ ನಿಲ್ಲಬೇಕೆಂದು ಮಕ್ಕಳಿಗೆ ಅಭ್ಯಾಸ ಮಾಡಿಸಿ. ನೋ ನಟರಿಗೆ ಈ ಕೆಲಸವನ್ನು ಕಂಬಗಳು ಮಾಡುತ್ತವೆ. ಸುಮಾರು ಆರು ಮೀಟರ್ ಚೌಕದ ಆ ರಂಗದ ಮುಂಭಾಗದ ಒಂದು ಕಂಬಕ್ಕೆ ‘ಕಣ್ಣು ನೆಡುವ ಕಂಬ’ ಎಂಬ ಅರ್ಥದ ಹೆಸರೇ ಇದೆ. ಸೂಜಿಗಣ್ಣಿನಂಥ ತೂತಿನಿಂದ ನಟನಿಗೆ ಕಾಣುವ ಗುರುತು ಅದು.

ಪ್ರಶ್ನೆ: ನಾಟಕ ಸ್ಪರ್ಧೆಯಲ್ಲಿ ನಾನು ಮುಖವಾಡ ಹಾಕಿ ಮುದುಕಿಯ ಪಾತ್ರ ಮಾಡಿದೆ. ‘ಮುಖವಾಡ ಸತ್ತಂತಿತ್ತು’ ಎಂದರು ತೀರ್ಪುಗಾರರು. ಮುಖವೇ ಕಾಣದಿರುವಾಗ ಭಾವ ತೋರಿಸುವುದು ಹೇಗೆ? ಜಪಾನಿನವರು ಹೇಗೆ ಮಾಡುತ್ತಾರೆ?
ಪದವಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮುಖವಾಡ ಕಟ್ಟಿದ ಕೂಡಲೇ ಅಭಿನಯದ ಭಾರವೆಲ್ಲ ಕತ್ತಿಗೆ ಇಳಿಯುತ್ತದೆ, ಕತ್ತಿನಿಂದ ಎದೆಗೆ, ಎದೆಯಿಂದ ಪಾದಕ್ಕೆ. ಮುಖವಾಡದೊಳಗೆ ನೀವು ಎಷ್ಟು ಹುಬ್ಬು ಕುಣಿಸಿದರೂ ಹೊರಗೆ ತಲುಪುವುದಿಲ್ಲ. ಹೊಸಬರ ಶಕ್ತಿ ಅಲ್ಲೇ ಸೋರಿಹೋಗುತ್ತದೆ.

ನೋ ನಾಟಕದಲ್ಲಿ ಎರಡು ಮಾತುಗಳಿವೆ. ಮುಖವಾಡವನ್ನು ಒಂದಿಷ್ಟು ಮೇಲಕ್ಕೆತ್ತುವುದು ‘ತೆರಾಸು’, ಅಂದರೆ ಬೆಳಗಿಸುವುದು. ಒಂದಿಷ್ಟು ಬಾಗಿಸುವುದು ‘ಕುಮೊರಾಸು’, ಅಂದರೆ ಮೋಡ ಕವಿಸುವುದು. ಮೇಲೆತ್ತಿದಾಗ ಹಣೆ, ಕೆನ್ನೆ, ತುಟಿಗೆ ಬೆಳಕು ಬೀಳುತ್ತದೆ. ಬಾಗಿಸಿದಾಗ ಹುಬ್ಬಿನ ನೆರಳು ಕಣ್ಣಿನ ಮೇಲೆ ಇಳಿಯುತ್ತದೆ. ಅದೇ ಮರ, ಅದೇ ಬಣ್ಣ, ನೋಡುವವರಿಗೆ ಒಮ್ಮೆ ನಗು, ಒಮ್ಮೆ ದುಃಖ. ಅಳುವುದನ್ನು ತೋರಿಸಲು ಅವರು ಅಂಗೈಯನ್ನು ನಿಧಾನವಾಗಿ ಕಣ್ಣಿನ ಮಟ್ಟಕ್ಕೆ ತಂದು ಮುಖವಾಡದ ಮುಂದೆ ಹಿಡಿಯುತ್ತಾರೆ, ಅಷ್ಟೇ. ಬಿಕ್ಕುವುದಿಲ್ಲ, ಭುಜ ಕುಲುಕುವುದಿಲ್ಲ.

ಕೊರಿಯಾದ ಹಾಹ್ವೆ ಎಂಬ ಹಳ್ಳಿಯ ಮುಖವಾಡಗಳದು ಇನ್ನೊಂದು ಜಾಣ್ಮೆ. ಕೆಲವು ಪಾತ್ರಗಳಿಗೆ ಗಲ್ಲವನ್ನು ಬೇರೆ ತುಂಡಾಗಿ ಕೆತ್ತಿ ದಾರದಲ್ಲಿ ಕಟ್ಟಿರುತ್ತಾರೆ. ನಟ ತಲೆ ಹಿಂದಕ್ಕೆ ಚೆಲ್ಲಿದರೆ ಬಾಯಿ ತೆರೆದು ನಕ್ಕಂತೆ, ಮುಂದಕ್ಕೆ ಬಾಗಿದರೆ ತುಟಿ ಕೂಡಿ ಸಿಟ್ಟಾದಂತೆ ಕಾಣುತ್ತದೆ. ಅಲ್ಲೂ ಕೆಲಸವೆಲ್ಲ ಕತ್ತಿನದೇ.

ಈಗ ನೀವು ಮಾಡಬೇಕಾದ್ದು. ಮೊದಲ ದಿನ ಮುಖವಾಡ ಕಟ್ಟಲೇಬೇಡಿ, ಎದುರಿಗಿಟ್ಟು ಐದು ನಿಮಿಷ ನೋಡಿ. ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಮೇಲೆ, ಕೆಳಗೆ, ಪಕ್ಕಕ್ಕೆ ವಾಲಿಸಿ. ಯಾವ ಕೋನದಲ್ಲಿ ಅದು ಯೋಚಿಸುತ್ತದೆ, ಯಾವ ಕೋನದಲ್ಲಿ ಹೆದರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಪ್ರತಿ ಮುಖವಾಡಕ್ಕೂ ಅಂಥ ಮೂರು ನಾಲ್ಕು ಕೋನಗಳಿರುತ್ತವೆ, ಅವೇ ನಿಮ್ಮ ಬಂಡವಾಳ. ವಾಲಿಕೆ ಹತ್ತು ಹದಿನೈದು ಡಿಗ್ರಿ ಮೀರುವುದು ಬೇಡ. ಅದಕ್ಕಿಂತ ಎತ್ತಿದರೆ ಗಲ್ಲದ ಅಡಿಯ ನಿಮ್ಮ ಚರ್ಮ ಕಾಣುತ್ತದೆ, ಅದಕ್ಕಿಂತ ಬಾಗಿಸಿದರೆ ಬರೀ ಹಣೆ ಕಾಣುತ್ತದೆ. ಕಟ್ಟಿಕೊಂಡ ಮೇಲೆ ಗೆಳತಿಯೊಬ್ಬರಿಂದ ಫೋನಿನಲ್ಲಿ ವಿಡಿಯೊ ಮಾಡಿಸಿ, ಹದಿನೈದು ಅಡಿ ದೂರದಿಂದ. ಕನ್ನಡಿಗಿಂತ ಅದೇ ಮೇಲು. ಕನ್ನಡಿ ನೋಡುತ್ತಿರುವಾಗ ಕತ್ತು ಕನ್ನಡಿಗೇ ಅಂಟಿಕೊಂಡಿರುತ್ತದೆ.

ಮೂಗೇ ಕಣ್ಣು ಎಂದು ತಿಳಿಯಿರಿ. ಬಲಕ್ಕೆ ನೋಡಬೇಕಾದರೆ ಒಳಗಿನ ಕಣ್ಣು ಹೊರಳಿಸಿದರೆ ಸಾಲದು, ಮೂಗಿನ ತುದಿ ಅತ್ತ ತಿರುಗಬೇಕು. ಪೂರ್ತಿ ಪಕ್ಕಕ್ಕೆ ತಿರುಗಿದರೆ ಮುಖವಾಡದ ಅಂಚು, ಲಾಡಿ, ಕಿವಿ ಎಲ್ಲ ಕಂಡು ಅದು ಮತ್ತೆ ಕಾಗದವಾಗುತ್ತದೆ. ಎದುರಿನ ಪಾತ್ರದ ಜೊತೆ ಮಾತಾಡುವಾಗಲೂ ಮುಕ್ಕಾಲು ಮುಖ ಪ್ರೇಕ್ಷಕರಿಗಿರಲಿ. ಎರಡನೆಯದು, ಒಂದು ಸಲಕ್ಕೆ ಒಂದೇ ಅಂಗ. ಮೊದಲು ಉಸಿರು, ಆಮೇಲೆ ಕತ್ತು, ಆಮೇಲೆ ಎದೆ, ಕೊನೆಗೆ ಕಾಲು. ಪ್ರತಿಯೊಂದರ ನಡುವೆ ಎರಡೆಣಿಕೆ ನಿಲ್ಲಿ. ಆ ನಿಲುವಿನಲ್ಲಿಯೇ ಪ್ರೇಕ್ಷಕರು ಮುಖವಾಡಕ್ಕೆ ಭಾವ ತುಂಬಿಕೊಳ್ಳುವುದು. ಎಲ್ಲವೂ ಒಟ್ಟಿಗೆ ಅಲುಗಿದರೆ ಅವರಿಗೆ ಓದಲು ಸಮಯವೇ ಸಿಗುವುದಿಲ್ಲ. ಮೂರನೆಯದು, ಮುಖವಾಡವನ್ನು ಕೈಯಿಂದ ಮುಟ್ಟಬೇಡಿ. ಜೀವಂತ ಬೆರಳು ತಾಗಿದ ತಕ್ಷಣ ಪಕ್ಕದಲ್ಲಿರುವುದು ವಸ್ತು ಎಂದು ಗೊತ್ತಾಗಿಬಿಡುತ್ತದೆ. ಫ್ರಾನ್ಸಿನ ರಂಗಶಿಕ್ಷಕ ಜಾಕ್ ಲೆಕಾಕ್ (1921–1999) ಯಾವ ಭಾವವೂ ಇಲ್ಲದ ಚರ್ಮದ ಮುಖವಾಡ ಕಟ್ಟಿಸಿ ವಿದ್ಯಾರ್ಥಿಗಳನ್ನು ಪಳಗಿಸುತ್ತಿದ್ದರು. ಅಲ್ಲೂ ಮುಖವಾಡ ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ.

ನಡಿಗೆ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವಾದೀತು. ನಾವು ಸಾಮಾನ್ಯವಾಗಿ ನಡೆಯುವಾಗ ತಲೆ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಆಡುತ್ತದೆ. ಬರಿಮುಖದಲ್ಲಿ ಅದು ಗೊತ್ತಾಗುವುದಿಲ್ಲ, ಮುಖವಾಡದಲ್ಲಿ ಪ್ರತಿ ಹೆಜ್ಜೆಗೂ ಭಾವ ಬದಲಾದಂತಾಗಿ ಕಲಸುಮೇಲೋಗರವಾಗುತ್ತದೆ. ನೋ ನಟರು ಮಂಡಿ ಸ್ವಲ್ಪ ಮಡಿಸಿ, ಹಿಮ್ಮಡಿ ಎತ್ತದೆ ಪಾದ ಜಾರಿಸಿ ನಡೆಯುವುದು ಇದಕ್ಕೇ. ನೀವು ತಲೆಯ ಮೇಲೆ ತುಂಬಿದ ಬಿಂದಿಗೆ ಇದೆಯೆಂದುಕೊಂಡು ದಿನಕ್ಕೆ ಹತ್ತು ನಿಮಿಷ ನಡೆಯಿರಿ. ಮುದುಕಿಯ ಪಾತ್ರವೆಂದಿರಿ. ಬೆನ್ನು ಬಾಗಿಸಿದರೆ ಮುಖವಾಡ ನೆಲ ನೋಡುತ್ತದೆ. ಬೆನ್ನು ಬಾಗಿದಷ್ಟೇ ಕತ್ತನ್ನು ಹಿಂದಕ್ಕೆ ತಂದು ಮುಖವನ್ನು ನೆಟ್ಟಗಿಡಬೇಕು. ಮೊದಮೊದಲು ಕತ್ತಿನ ಹಿಂಭಾಗ ನೋಯುತ್ತದೆ, ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಮಾಡಬೇಡಿ. ನಿಮ್ಮ ಮುಖವಾಡ ‘ಸತ್ತದ್ದು’ ಇಲ್ಲೇ ಇರಬೇಕೆಂದು ನಮ್ಮ ಊಹೆ.

ಇನ್ನೊಂದು ಮಾತು. ಹಲ್ಲು ಕಿರಿದು ನಗುವ, ಬಾಯಿಬಿಟ್ಟು ಅಳುವ ಮುಖವಾಡ ಆರಿಸಬೇಡಿ. ಅದು ಒಂದೇ ಮಾತನ್ನು ನಾಟಕ ಮುಗಿಯುವತನಕ ಹೇಳುತ್ತದೆ. ಇದೋ ಅದೋ ಎಂದು ಹೇಳಲಾಗದ ಮುಖವೇ ನಟಿಗೆ ಹೆಚ್ಚು ಜಾಗ ಕೊಡುವುದು.

ಪ್ರಶ್ನೆ: ಪೂರ್ತಿ ಮುಖವಾಡ ಹಾಕಿಕೊಂಡು ಮಾತು ಹೇಳಬಹುದೆ?
ಓದುಗರು, ಶಿರಾ

ಉತ್ತರ: ಹೇಳಬಹುದು, ಆದರೆ ಕೇಳಿಸುವುದು ಕಷ್ಟ. ಸ, ಶ, ತ, ಪ ಮೊದಲು ಮಂಕಾಗುತ್ತವೆ. ಮಾತು ಹೆಚ್ಚಿರುವ ಪಾತ್ರಕ್ಕೆ ಮೇಲ್ದುಟಿಗೆ ನಿಲ್ಲುವ ಅರ್ಧ ಮುಖವಾಡ ಮಾಡಿ. 16ನೇ ಶತಮಾನದ ಇಟಲಿಯ ಕಮೆಡಿಯಾ ದೆಲ್ಲಾರ್ತೆ ನಾಟಕಗಳ ಆಳು ಅರ್ಲೆಕಿನೊ, ಜಿಪುಣ ಮುದುಕ ಪಂತಲೋನೆ ಇವರೆಲ್ಲ ಚರ್ಮದ ಅರ್ಧ ಮುಖವಾಡದವರು, ಬಾಯಿಬಡುಕರು. ಬಾಲಿ ದ್ವೀಪದ ತೊಪೆಂಗ್ ಎಂಬ ಮುಖವಾಡ ನಾಟಕದಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟ: ರಾಜನಿಗೆ ಪೂರ್ತಿ ಮುಖವಾಡ, ಅವನು ಕುಣಿಯುತ್ತಾನೆ, ಮಾತಾಡುವುದಿಲ್ಲ. ಊರಿನ ಹಾಸ್ಯಗಾರರಿಗೆ ಅರ್ಧ ಮುಖವಾಡ, ಮಾತೆಲ್ಲ ಅವರದು. ನಾಟಕ ಬರೆಯುವಾಗಲೇ ಹೀಗೆ ಹಂಚಿಕೊಂಡರೆ ಮೈಕಿನ ಗೋಜು ತಪ್ಪುತ್ತದೆ.

ಪ್ರಶ್ನೆ: ರಂಗಸಜ್ಜಿಕೆಗೆ ನಮ್ಮ ತಂಡದಲ್ಲಿ ದುಡ್ಡಿಲ್ಲ. ದೋಣಿ, ಕುದುರೆ, ಕಾಡು, ದೂರದ ಪ್ರಯಾಣ ಇವನ್ನು ಬರೀ ಮೈಯಲ್ಲಿ ತೋರಿಸಬಹುದೆ? ಜನ ನಂಬುತ್ತಾರೆಯೆ? ಹೊಸ ಚಲನೆಗಳನ್ನು ಎಲ್ಲಿಂದ ತರುವುದು?
ಹವ್ಯಾಸಿ ತಂಡದ ನಿರ್ದೇಶಕರು, ಕೋಲಾರ

ಉತ್ತರ: ನಂಬುತ್ತಾರೆ, ಸಾರ್. ನಿಮ್ಮ ಕಡೆಯ ಕೇಳಿಕೆ ಬಯಲಾಟ ನೋಡಿ ಬೆಳೆದ ಜನ ಎಂದೋ ನಂಬಿದ್ದಾರೆ. ರಾಜ ರಂಗದಲ್ಲಿ ಒಂದು ಸುತ್ತು ಬಂದು ‘ಇದೇ ಹಸ್ತಿನಾವತಿ’ ಎಂದರೆ ಮುಗಿಯಿತು. ನಾಟ್ಯಶಾಸ್ತ್ರ ಇದನ್ನು ಕಕ್ಷ್ಯಾವಿಭಾಗ ಎನ್ನುತ್ತದೆ, ರಂಗದಲ್ಲಿ ಸುತ್ತುಹಾಕಿದರೆ ಜಾಗ ಬದಲಾಯಿತೆಂದು ಲೆಕ್ಕ. ಚೀನಾದ ಪೀಕಿಂಗ್ ಆಪೆರಾದಲ್ಲಿ ಒಂದು ಮೇಜು, ಎರಡು ಕುರ್ಚಿಯೇ ಆಸ್ಥಾನ, ಬೆಟ್ಟ, ಕೋಟೆಗೋಡೆ ಎಲ್ಲ ಆಗುತ್ತದೆ. ಗೊಂಡೆಗಳಿರುವ ಚಾವಟಿ ಹಿಡಿದರೆ ಕುದುರೆ, ಹುಟ್ಟು ಹಿಡಿದರೆ ದೋಣಿ, ಚಕ್ರ ಬರೆದ ಎರಡು ಬಾವುಟಗಳ ನಡುವೆ ನಡೆದರೆ ರಥ. ಬೆಳಕು ಝಗಮಗಿಸುತ್ತಿರುವಾಗಲೇ ಇಬ್ಬರು ನಟರು ಕಗ್ಗತ್ತಲಲ್ಲಿ ತಡಕಾಡಿ ಹೊಡೆದಾಡುವ ಪ್ರಸಿದ್ಧ ದೃಶ್ಯವೂ ಅವರಲ್ಲಿದೆ. ಕತ್ತಿ ಮೂಗಿನ ಹತ್ತಿರ ಹಾದುಹೋದರೂ ಕಣ್ಣು ಮಿಟುಕಿಸುವುದಿಲ್ಲ, ಅಷ್ಟಕ್ಕೇ ನಮಗೆ ಕತ್ತಲಾಗುತ್ತದೆ.

ದೋಣಿಯನ್ನು ಹೀಗೆ ಕಲಿಸಿ. ಇಬ್ಬರು ಆರಡಿ ಅಂತರದಲ್ಲಿ ನಿಲ್ಲಲಿ, ಹಿಂದಿನವರ ಕೈಯಲ್ಲಿ ಬಿದಿರಿನ ಗಳು. ಅಂತರ ಅಳೆಯಲು ಅಭ್ಯಾಸದಲ್ಲಿ ಇಬ್ಬರ ಸೊಂಟಕ್ಕೂ ಒಂದು ಹಗ್ಗ ಕಟ್ಟಿ, ಅದು ಸಡಿಲವೂ ಆಗಬಾರದು, ಎಳೆಯಲೂಬಾರದು. ಒಬ್ಬರು ಹತ್ತಿದಾಗ ಅವರ ಮಂಡಿ ತಗ್ಗಬೇಕು, ಅದೇ ಕ್ಷಣ ಇನ್ನೊಬ್ಬರ ಮಂಡಿ ಏರಬೇಕು. ಆಮೇಲೆ ನಾಲ್ಕೆಣಿಕೆಯಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಏರುತ್ತ, ಸಣ್ಣ ಹೆಜ್ಜೆಯಲ್ಲಿ ಬಾಗಿದ ದಾರಿಯಲ್ಲಿ ಸಾಗಲಿ. ಹತ್ತಕ್ಕೆ ಎಂಟು ಸಲ ಕೆಡುವುದು ಎರಡು ಕಡೆ. ಗಳು ನೀರಿಗಿಳಿದಾಗ ಕೈಗೆ ತಡೆ ಸಿಕ್ಕಂತೆ ಕಾಣುವುದಿಲ್ಲ. ಒತ್ತುವಾಗ ನಿಧಾನ, ಎತ್ತುವಾಗ ಹಗುರ ಎಂದು ಎರಡು ವೇಗ ಕಲಿಸಬೇಕು. ಇನ್ನೊಂದು, ದಡಕ್ಕೆ ಬಂದವರು ದೋಣಿಯ ಅಂಚನ್ನು ಮರೆತು ಸುಮ್ಮನೆ ನಡೆದುಬಿಡುತ್ತಾರೆ. ಅಂಚು ದಾಟುವಾಗ ಕಾಲೆತ್ತಬೇಕು, ಹತ್ತುವಾಗ ಎಷ್ಟು ಎತ್ತರಕ್ಕೆ ಎತ್ತಿದ್ದರೋ ಅಷ್ಟೇ. ಒಮ್ಮೆ ಒಂದಡಿ, ಇನ್ನೊಮ್ಮೆ ಅರ್ಧ ಅಡಿಯಾದರೆ ದೋಣಿ ಅಲ್ಲೇ ಮುಳುಗಿತು.

ಕುದುರೆಗೆ ಚಾವಟಿಗಿಂತ ಲಗಾಮಿನ ಕೈ ಮುಖ್ಯ. ಎಡಗೈ ಮುಷ್ಟಿ ಹೊಕ್ಕುಳ ಮಟ್ಟದಲ್ಲಿ ಸ್ಥಿರವಾಗಿರಲಿ, ಕುಣಿಯುವುದು ಅದರ ಕೆಳಗಿನ ಮೈ ಮಾತ್ರ. ಕಾಡಿಗೆ ಆರು ಜನ ಕೈಯೆತ್ತಿ ಮರವಾಗಿ ನಿಲ್ಲುವುದು ನಮಗೆ ಅಷ್ಟು ಸೇರುವುದಿಲ್ಲ, ಎಲ್ಲ ಶಾಲೆಯಲ್ಲೂ ಅದೇ ನಡೆಯುತ್ತದೆ. ಮುಳ್ಳು ಬಿಡಿಸಿಕೊಳ್ಳುವ ಕೈ, ಕೊಂಬೆಗೆ ತಗ್ಗುವ ತಲೆ, ಸದ್ದಿಗೆ ನಿಲ್ಲುವ ಪಾದ ಇಷ್ಟಿದ್ದರೆ ಒಬ್ಬನೇ ನಟ ಕಾಡನ್ನು ತೋರಿಸಬಲ್ಲ.

ಹೊಸ ಚಲನೆ ಎಲ್ಲಿಂದ ತರುವುದು ಎಂದೂ ಕೇಳಿದ್ದೀರಿ. ಛಾವು ಕುಣಿತದಲ್ಲಿ ‘ಉಫ್ಲಿ’ ಎಂಬ ಚಲನೆಗಳಿವೆ. ಸಗಣಿ ಕಲಸುವುದು, ಅಂಗಳ ಗುಡಿಸುವುದು, ಪಾತ್ರೆ ಬೆಳಗುವುದು ಇಂಥ ಮನೆಗೆಲಸವನ್ನೇ ಕಾಲಿನಲ್ಲಿ ಕುಣಿತವಾಗಿಸಿದ್ದಾರೆ. ನಿಮ್ಮ ತಂಡದವರಿಗೆ ರೇಷ್ಮೆಹುಳುವಿಗೆ ಸೊಪ್ಪು ಹಾಕುವುದು, ಟೊಮ್ಯಾಟೊ ಕ್ರೇಟ್ ಎತ್ತಿ ಲಾರಿಗೆ ಕೊಡುವುದು, ಹುಣಸೆ ಬಡಿಯುವುದು ಮೈಗೆ ಗೊತ್ತಿದೆ. ಆ ಕೆಲಸವನ್ನು ಅರ್ಧ ವೇಗದಲ್ಲಿ ಮಾಡಿಸಿ, ಆಮೇಲೆ ಕೈಯಲ್ಲಿನ ವಸ್ತು ತೆಗೆದು ಮಾಡಿಸಿ, ಆಮೇಲೆ ತಾಳಕ್ಕೆ ಕೂರಿಸಿ. ಹಾಗೆ ಬಂದ ಚಲನೆಯಲ್ಲಿ ಭಾರ ಸುಳ್ಳಾಗಿರುವುದಿಲ್ಲ.

ಪ್ರಶ್ನೆ: ಕೆಂಪು ಎಂದರೆ ಕೋಪ, ಬಿಳಿ ಎಂದರೆ ಶಾಂತಿ ಎಂದು ನಮ್ಮ ಮುಖವಾಡಗಳಿಗೆ ಬಣ್ಣ ಹಾಕಿದ್ದೇವೆ. ಎಲ್ಲ ದೇಶದಲ್ಲೂ ಹೀಗೇ ಅಲ್ಲವೆ?
ಚಿತ್ರಕಲಾ ಶಿಕ್ಷಕರು, ಮುಳಬಾಗಿಲು

ಉತ್ತರ: ಅಲ್ಲ ಮೇಷ್ಟ್ರೇ. ಪೀಕಿಂಗ್ ಆಪೆರಾದಲ್ಲಿ ಕೆಂಪು ಬಳಿದ ಮುಖ ಸ್ವಾಮಿನಿಷ್ಠನದು, ಗುವಾನ್ ಯೂ ಎಂಬ ವೀರ ಕೆಂಪು ಮುಖದವನು. ಬಿಳಿ ಬಳಿದರೆ ಕಪಟಿ, ತ್ಸಾವ್ ತ್ಸಾವ್ ಎಂಬ ಪಾತ್ರ ಹಾಗೆ. ನ್ಯಾಯಾಧೀಶ ಬಾವ್ ಝೆಂಗ್‌ಗೆ ಕಪ್ಪು, ಅದು ನೇರ ನಡತೆಯ ಬಣ್ಣ. ಜಪಾನಿನ ಕಬುಕಿ ನಾಟಕದಲ್ಲಿ ಕೆಂಪು ಗೆರೆ ಶೌರ್ಯಕ್ಕೆ, ನೀಲಿ ಗೆರೆ ದುಷ್ಟರಿಗೆ. ಕೇರಳದ ಕಥಕಳಿಯಲ್ಲಿ ಹಸಿರು ಮುಖದವನೇ ಸಜ್ಜನ ನಾಯಕ. ಬಣ್ಣದ ಅರ್ಥ ಆಯಾ ಪ್ರೇಕ್ಷಕರ ಒಪ್ಪಂದ, ಒಂದು ಕಡೆಯದನ್ನು ಇನ್ನೊಂದು ಕಡೆಗೆ ಎತ್ತಿಕೊಂಡು ಹೋದರೆ ಉಲ್ಟಾ ಆಗುತ್ತದೆ. ಮಕ್ಕಳಿಗೆ ಹೇಳುವಾಗ ‘ಈ ನಾಟಕದಲ್ಲಿ ಕೆಂಪು ಕೋಪಕ್ಕೆ’ ಎಂದು ಹೇಳಿ, ಅಷ್ಟು ಸಾಕು. ಮತ್ತೆ, ಕೆಂಪನ್ನು ರಾತ್ರಿ ಯಾವ ದೀಪದಲ್ಲಿ ನೋಡುತ್ತೀರೋ ಆ ದೀಪದಲ್ಲಿಯೇ ಒಮ್ಮೆ ಪರೀಕ್ಷಿಸಿ, ನೀಲಿ ಬೆಳಕಿನಲ್ಲಿ ಅದು ಕಪ್ಪಾಗಿಬಿಡುತ್ತದೆ.

ಪ್ರಶ್ನೆ: ನಮ್ಮೂರ ಸೋಮನ ಮುಖವನ್ನು ಇದ್ದ ಹಾಗೆಯೇ ಪೇಪರ್‌ನಲ್ಲಿ ಮಾಡಿ ಬೀದಿನಾಟಕದಲ್ಲಿ ಬಳಸಬೇಕೆಂದಿದ್ದೇವೆ. ಊರಲ್ಲಿ ಕೆಲವರು ಬೇಡ ಎನ್ನುತ್ತಿದ್ದಾರೆ. ನೀವೇನು ಹೇಳುತ್ತೀರಿ?
ಯುವಕ ಸಂಘದವರು, ತಿಪಟೂರು ತಾಲ್ಲೂಕು

ಉತ್ತರ: ಬೇಡ ಎನ್ನುವವರ ಮಾತು ಸರಿಯಿದೆ ಎಂದೇ ನಮ್ಮ ಅಭಿಪ್ರಾಯ. ಸೋಮ ನಾಟಕದ ಪಾತ್ರವಲ್ಲ, ಗ್ರಾಮದೇವತೆಯ ಜೊತೆಗಾರ. ಆ ಮರದ ಮುಖಕ್ಕೆ ಪೂಜೆ ನಡೆಯುತ್ತದೆ, ಊರಹಬ್ಬದಲ್ಲಿ ಅಮ್ಮನ ಮೆರವಣಿಗೆಯ ಮುಂದೆ ಅರೆ ವಾದ್ಯ, ತಮಟೆಯ ಸದ್ದಿಗೆ ಅದು ಕುಣಿಯುತ್ತದೆ. ಕೆಂಪು ಮುಖದವನು ಕೆಂಚರಾಯ, ಹಳದಿ ಮುಖದವನು ಭೂತರಾಯ ಎಂದು ಹೆಸರಿಟ್ಟು ಕರೆಯುವ ಜನಕ್ಕೆ ಅದು ಬರೀ ಮುಖವಾಡ ಹೇಗಾದೀತು? ಹೊರದೇಶದಲ್ಲೂ ಇಂಥ ಭಾವನೆ ಇದೆ. ನೋ ನಟ ಕನ್ನಡಿ ಕೋಣೆಯಲ್ಲಿ ಮುಖವಾಡಕ್ಕೆ ತಲೆಬಾಗಿಯೇ ಅದನ್ನು ಕಟ್ಟಿಕೊಳ್ಳುವುದು. ಬಾಲಿಯಲ್ಲಿ ಪವಿತ್ರ ಮುಖವಾಡಗಳನ್ನು ಗುಡಿಯಲ್ಲಿಟ್ಟು ನೈವೇದ್ಯ ಮಾಡುತ್ತಾರೆ.

ಆದರೆ ಸೋಮನಿಂದ ಕಲಿಯುವುದು ಬೇಕಾದಷ್ಟಿದೆ, ಕಲಿಯಿರಿ. ಮುಖ ಮನುಷ್ಯರದಕ್ಕಿಂತ ಎಷ್ಟು ದೊಡ್ಡದು, ಕಣ್ಣನ್ನು ಎಷ್ಟು ಅಗಲ ಬರೆದಿದ್ದಾರೆ, ಮೀಸೆಯ ಗೆರೆ ಎಷ್ಟು ದಪ್ಪ ಎಂದು ನೋಡಿ. ಬೀದಿಯ ಗದ್ದಲದಲ್ಲಿ, ಪಂಜಿನ ಬೆಳಕಿನಲ್ಲಿ, ಐವತ್ತು ಅಡಿ ದೂರದವರಿಗೂ ಮುಖ ಗೊತ್ತಾಗಬೇಕಾದರೆ ಈ ಪ್ರಮಾಣ ಬೇಕು. ಬೀದಿನಾಟಕಕ್ಕೂ ಅದೇ ಲೆಕ್ಕ. ಭಾರದ ಮುಖ ಹೊತ್ತವರು ಕಾಲನ್ನು ಅಗಲವಾಗಿ ಊರಿ, ಇಡೀ ಮೈ ತಿರುಗಿಸಿ ನೋಡುವ ಗತ್ತನ್ನೂ ಗಮನಿಸಿ. ಆ ಪ್ರಮಾಣ, ಆ ನಡಿಗೆ ಇಟ್ಟುಕೊಂಡು ನಿಮ್ಮದೇ ಒಂದು ಹೊಸ ಮುಖ ಮಾಡಿ, ಹೊಸ ಹೆಸರಿಡಿ. ಕಥೆಯಲ್ಲಿ ಸೋಮನೇ ಬರಲೇಬೇಕೆಂದಿದ್ದರೆ ಮುಖ ಹೊರುವ ಮನೆತನದ ಹಿರಿಯರನ್ನು ಮೊದಲು ಕೇಳಿ, ಅವರು ಹೇಳಿದಂತೆ ಮಾಡಿ.

ಪ್ರಶ್ನೆ: ಕಾಗದದ ಮುಖವಾಡಗಳು ಒಂದು ವರ್ಷಕ್ಕೇ ವಾಸನೆ ಹಿಡಿದು ಇಲಿ, ಜಿರಲೆ ಪಾಲಾಗುತ್ತಿವೆ. ಕಾಪಾಡುವುದು ಹೇಗೆ?
ಓದುಗರು, ಮಧುಗಿರಿ

ಉತ್ತರ: ಒಳಮೈಗೆ ಬಣ್ಣ ಬಳಿಯದೆ ಬಿಟ್ಟಿರುತ್ತೀರಿ, ಬೆವರು ನೇರ ಕಾಗದಕ್ಕೆ ಇಳಿಯುತ್ತದೆ. ಒಳಗೂ ಎರಡು ಕೈ ಬಣ್ಣ ಬಳಿಯಿರಿ, ಆಗ ಅಂಟಿನ ವಾಸನೆ ಜಿರಲೆಗೂ ಸಿಗುವುದಿಲ್ಲ. ಸ್ಪಂಜನ್ನು ಅಂಟಿಸದೆ ಬಟ್ಟೆಯಲ್ಲಿ ಸುತ್ತಿ ಹೊಲಿದು ಸಿಕ್ಕಿಸಿ, ಪ್ರದರ್ಶನವಾದ ಮೇಲೆ ಬಿಚ್ಚಿ ಒಗೆಯಲು ಬರುತ್ತದೆ. ಒಬ್ಬರ ಮುಖವಾಡ ಇನ್ನೊಬ್ಬರು ಕಟ್ಟುವಾಗ ಸ್ಪಂಜು ಬದಲಿಸಿ. ಆಟ ಮುಗಿದ ರಾತ್ರಿಯೇ ಪೆಟ್ಟಿಗೆಗೆ ತುಂಬಬೇಡಿ, ಒಂದು ಹಗಲು ನೆರಳಿನಲ್ಲಿ ಒಳಮೈ ಮೇಲೆ ಮಾಡಿ ಗಾಳಿಗಿಡಿ. ಒಂದರ ಮೇಲೊಂದು ಪೇರಿಸಿದರೆ ಮೂಗು ಕುಸಿಯುತ್ತದೆ. ಪ್ರತಿಯೊಂದರ ಒಳಗೂ ಮುದುರಿದ ಹತ್ತಿಬಟ್ಟೆ ತುಂಬಿ, ಪ್ರತ್ಯೇಕ ಬಟ್ಟೆಚೀಲದಲ್ಲಿ ಹಾಕಿ ತಗಡಿನ ಟ್ರಂಕಿನಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಹೊರಹೋಗುವುದಿಲ್ಲ. ಒಣ ಬೇವಿನೆಲೆ ಒಂದು ಹಿಡಿ ಹಾಕಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ಹೊರತೆಗೆದು ನೋಡಿ. ಎಲ್ಲಿಯಾದರೂ ಪದರ ಬಿಟ್ಟಿದ್ದರೆ ಆಗಲೇ ಅಂಟು ಹಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಒಂದು ರಾತ್ರಿ ಬಿಡಿ.